ಚಕ್ಕರಿಗೊಂದು ಹೆಸರು

ನನಗೆ ಮೊದಲ ಸಲ ತಲೆ ತಿರುಗಿದ್ದು ಚಿಕ್ಕೋಡಿಯ ಕಾಲೇಜಿನಲ್ಲಿ, ವರ್ತುಲ ಚಲನೆಯ ಪಾಠಕ್ಕೆಂದು ಕರಿಹಲಗೆಯ ಮೇಲೆ ದೊಡ್ಡದೊಂದು ವೃತ್ತ ಬಿಡಿಸುತ್ತಿದ್ದಾಗ ಎಂದು ಬಹಳ ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ವೃತ್ತ ಮುಗಿಯಿತು, ಕೈ ನಿಂತಿತು, ಹಲಗೆ ಮಾತ್ರ ತಿರುಗುತ್ತಲೇ ಇತ್ತು. ಕೇಳಿದವರು ನಗುತ್ತಾರೆ. ಆದರೆ ಈ ನೆನಪಿನ ಮೇಲೆ ನನಗೇ ಅನುಮಾನ. ಭೌತಶಾಸ್ತ್ರ ಕಲಿಸುವವನಿಗೆ ವೃತ್ತ ಬಿಡಿಸುವಾಗಲೇ ತಲೆ ತಿರುಗುವುದು ತೀರ ಚೆಂದವಾಗಿ ಹೊಂದುತ್ತದೆ. ಇಷ್ಟು ಚೆಂದ ಹೊಂದುವ ನೆನಪನ್ನು ಯಾರೋ ಆಮೇಲೆ ಕೂತು ಹೊಲಿದಿರಬೇಕು, ಆ ದರ್ಜಿ ನಾನೇ ಇರಬಹುದು. ನನ್ನ ಅಕ್ಕ ಹೇಳುವ ಪ್ರಕಾರ ಅದು ಅದಕ್ಕೂ ಮೊದಲು, ಭೋಜದಲ್ಲಿ ಸೋದರಮಾವನ ಹೊಲದ ಬಾವಿಕಟ್ಟೆಯ ಮೇಲೆ. ಅವ್ವನ ಪ್ರಕಾರ ನಿಪ್ಪಾಣಿಯ ಕ್ಷೌರದಂಗಡಿಯ ಕುರ್ಚಿಯಲ್ಲಿ, ಅರ್ಧ ಗಡ್ಡ ಹೆರೆದಿದ್ದಾಗ.

ಮೊದಲನೆಯದು ಯಾವುದಾದರೂ ಆಗಲಿ, ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದು ಕೆಲಸಕ್ಕೆ ಸೇರಿದ ಮೇಲೆ, ಎಂಬತ್ತರ ದಶಕದ ನಡುವಿನಲ್ಲಿ, ಈ ಚಕ್ಕರು ನನ್ನ ಜೊತೆ ಕಾಯಂ ಆಯಿತು. ಬಂದಾಗ ನೆಲ ಎಡಕ್ಕೆ ವಾಲುತ್ತಿತ್ತು. ಎದುರಿನ ಗೋಡೆ ನಿಧಾನ ಜಾರಿ, ಮತ್ತೆ ತನ್ನ ಜಾಗಕ್ಕೆ ಬಂದು, ಮತ್ತೆ ಜಾರುತ್ತಿತ್ತು. ಎಚ್ಚರ ತಪ್ಪುತ್ತಿರಲಿಲ್ಲ, ಮಾತು ತೊದಲುತ್ತಿರಲಿಲ್ಲ. ಕೂತುಕೊಂಡು ಕಣ್ಣನ್ನು ಒಂದು ಕಡೆ ನೆಟ್ಟರೆ, ಬಿಸಿ ಚಹಾ ಆರುವಷ್ಟರಲ್ಲಿ ಹೋಗಿಬಿಡುತ್ತಿತ್ತು. ಹೋದ ಮೇಲೆ ವಿಪರೀತ ಹಸಿವು. ಕಷ್ಟವೆಂದರೆ ಕೂತುಕೊಳ್ಳುವುದೇ. ಬಸ್ಸಿನಲ್ಲಿ ಸೀಟು ಸಿಕ್ಕರೂ ಬಾಗಿಲಲ್ಲಿ ನಿಲ್ಲುವ ಜಾತಿ ನನ್ನದು. ರಾಯಬಾಗದ ಸ್ಟೇಶನ್ನಿನಲ್ಲಿ ಒಮ್ಮೆ ನಿಂತ ಗಾಡಿ ಹೊರಟಿತೆಂದು ತಿಳಿದು ಓಡಿ ಹತ್ತಿದ್ದೆ. ಗಾಡಿ ಹೊರಟಿರಲಿಲ್ಲ. ಆಮೇಲೆ ಹೊರಟಾಗ ನೋಡಿದರೆ ಅದು ನಾನು ಹೋಗಬೇಕಾದ ದಿಕ್ಕಿಗೂ ಹೊರಟಿರಲಿಲ್ಲ.

ಊರಿನವರೆಲ್ಲ ತಮಗೆ ತೋಚಿದ್ದು ಹೇಳಿದರು. ಪಿತ್ತ ಎಂದಳು ಅವ್ವ, ನಿಂಬೆಹುಳಿ ಕುಡಿಸಿದಳು. ಚಷ್ಮಾ ಬೇಕಾಗಿದೆ ಎಂದರು ಕಾಲೇಜಿನ ಗುಮಾಸ್ತರು. ದೃಷ್ಟಿ ತಾಕಿದೆ ಎಂದರು ಪಕ್ಕದ ಮನೆಯವರು. ನಾನು ಯಾವುದನ್ನೂ ನಂಬಲಿಲ್ಲ. ಆಧಾರ ಏನು ಎಂದು ಕೇಳುವ ಚಟ ಧಾರವಾಡದಲ್ಲಿ ಹತ್ತಿದ್ದು, ಅದಕ್ಕೂ ಔಷಧ ಸಿಕ್ಕಿರಲಿಲ್ಲ.

ಹೀಗೆ ಹೇಗೋ ನಡೆದುಹೋಗುತ್ತಿತ್ತು, ಕನ್ಯಾ ನೋಡಲು ಅಥಣಿಗೆ ಹೋಗುವವರೆಗೆ.

ಅಥಣಿಯ ಹತ್ತಿರ ದ್ರಾಕ್ಷಿ ಬೆಳೆಯುವ ಮನೆತನ, ನಮ್ಮ ಹಾಗೆಯೇ ಜೈನರು. ಅಪ್ಪ, ಭೋಜದ ಸೋದರಮಾವ, ನಾನು ಹೋಗಿದ್ದೆವು. ಪಡಸಾಲೆಯಲ್ಲಿ ಹುಡುಗಿಯ ಅಪ್ಪ ಎದುರಿಗೆ ಕೂತಿದ್ದರು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ದನಿ. ಅವರ ಅಕ್ಕ ಒಬ್ಬರು ಬಾಗಿಲ ಹತ್ತಿರ ಕೂತು ನನ್ನನ್ನು ಬದನೆಕಾಯಿ ಆರಿಸುವ ಹಾಗೆ ನೋಡುತ್ತಿದ್ದರು. ಹುಡುಗಿ ಚಹಾದ ತಾಟು ಹಿಡಿದು ಬಂದಳು. ನಾನು ಕಪ್ಪನ್ನು ಬಸಿಯ ಸಮೇತ ಎತ್ತಿಕೊಂಡೆ. ಅದೇ ಹೊತ್ತಿಗೆ ಗೋಡೆ ಜಾರತೊಡಗಿತು. ಪಕ್ಕದ ಕಂಬಕ್ಕೆ ಕೈ ಚಾಚಿದೆ. ಕಪ್ಪು ವಾಲಬೇಕು ಅನ್ನುವಷ್ಟರಲ್ಲಿ ಅದು ನನ್ನ ಕೈಯಲ್ಲಿರಲಿಲ್ಲ. ಆಕೆ ತೆಗೆದುಕೊಂಡಿದ್ದಳು. ಒಂದು ಹನಿಯೂ ಚೆಲ್ಲಲಿಲ್ಲ, ಮುಖದ ಮೇಲೆ ಗಾಬರಿಯೂ ಇರಲಿಲ್ಲ.

ಬಾಗಿಲ ಹತ್ತಿರದ ಅಕ್ಕ ಕಿಸಕ್ಕನೆ ನಕ್ಕರು. "ನೋಡ್ರೆಲೇ, ನಮ್ಮ ಹುಡುಗಿನ್ನ ನೋಡಿ ವರಾನ ತಲೀನ ತಿರಗಿತು!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಖುಷಿಯಾದದ್ದು ನನ್ನ ಮಾಮಾಗೆ. "ತಿರಗದ ಏನ್ ಮಾಡೀತ್ರಿ, ಅಂಥಾ ಕನ್ಯಾ!"

ಅಲ್ಲಿಗೆ ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ನನಗೆ ತಪ್ಪು ಕಾರ್ಯಕಾರಣ ಸಂಬಂಧವನ್ನು ಕಣ್ಣೆದುರಿಗೆ ಹಾಗೇ ಬಿಡಲಾಗಲಿಲ್ಲ.

"ಹಂಗಲ್ರಿ," ಎಂದೆ, ಕಂಬ ಹಿಡಿದುಕೊಂಡೇ. "ಇದು ನನಗ ಆಗಾಗ ಬರತೈತ್ರಿ. ಇವರನ್ನ ನೋಡಿ ಬಂದದ್ದಲ್ಲ."

ಮಾಮಾ ತೊಡೆ ಚಿವುಟಿದ್ದು ತಡವಾಗಿತ್ತು. ಹುಡುಗಿಯ ಅಪ್ಪ ಮುಂದಕ್ಕೆ ಬಾಗಿದರು. "ಆಗಾಗ ಬರತೈತಿ ಅಂದ್ರ? ಏನ ರೋಗ ಅದು?"

"ಗೊತ್ತಿಲ್ರಿ."

"ಡಾಕ್ಟರ್ ಏನಂತಾರ?"

"ಒಬ್ಬೊಬ್ಬರು ಒಂದೊಂದ ಅಂತಾರ್ರಿ. ಅವರಿಗೂ ಗೊತ್ತಿಲ್ಲ ಅನಸತೈತಿ."

ಅವರು ಮೀಸೆಯ ಮೇಲೆ ಕೈಯಾಡಿಸಿಕೊಂಡರು. ಆಮೇಲೆ ಸಿಟ್ಟಿಲ್ಲದೆ ಹೇಳಿದರು. "ನೋಡ್ರಿ, ನಮ್ಮ ತಮ್ಮಗ ಸಕ್ಕರಿ ರೋಗ ಐತಿ. ಹಿರಿ ಅಳಿಯಾಗ ದಮ್ಮು ಐತಿ. ಕೊಟ್ಟೇವಿ, ತಂದೇವಿ, ಎಲ್ಲಾ ನಡದೈತಿ. ಯಾಕಂದ್ರ ಅವಕ್ಕ ಹೆಸರ ಅದಾವ. ನಾಳಿ ಮಂದಿ ನಿಮ್ಮ ಅಳಿಯಾಗ ಏನ ಆಗೇತಿ ಅಂತ ಕೇಳಿದ್ರ ನಾ ಏನ ಹೇಳ್ಲಿ? ನಾ ಸುಮ್ಕಿದ್ರ ಅವರ ಫಿಟ್ಸ್ ಅಂತಾರ. ಒಂದ ಹೆಸರ ತಗೊಂಡ ಬರ್ರಿ. ಎಂಥಾದ ಆಗ್ಲಿ. ಆಮ್ಯಾಗ ಮಾತಾಡೂಣ."

ವಾಪಸ್ಸು ಬರುವ ಬಸ್ಸಿನಲ್ಲಿ ಮಾಮಾ ಅಥಣಿ ದಾಟುವ ಮೊದಲೇ ಶುರು ಮಾಡಿದ. "ಎಷ್ಟ ಕಲತ್ಯೋ ಅಷ್ಟ ಹುಚ್ಚ ಆದಿ ನೀ. ಪಾಪ, ಅವರ ಪಾಡಿಗೆ ಅವರ ನಕ್ಕೊಂತ ಕುಂತಿದ್ರು. ಕೇಳಿದ ಕೂಡ್ಲೆ ಬಿ.ಪಿ. ಅನಬೇಕಿಲ್ಲೋ? ಬಿ.ಪಿ. ಅಂದ್ರ ಆಫೀಸರ್ ರೋಗ. ಮರ್ಯಾದಿ ಇರತೈತಿ."

"ಬಿ.ಪಿ. ಇಲ್ಲ ಮಾಮಾ, ತೋರಿಸೇನಿ."

"ಇಲ್ಲಂದ್ರ ಮುಂದ ಬರೂದಿಲ್ಲೇನು? ಲಗ್ನ ಆದಮ್ಯಾಗ ತಾನ ಬರತೈತಿ!"

ಅಪ್ಪ ಕಿಟಕಿಯ ಹೊರಗೆ ಕಬ್ಬು ನೋಡುತ್ತ ಕೂತಿದ್ದವರು ಇಷ್ಟೇ ಅಂದರು. "ಸುಳ್ಳ ಹೇಳೂದ ಬ್ಯಾಡ. ಮಿರಜಿಗೆ ತೋರಸೂಣ."

ಅಂದು ಬಸ್ಸಿನ ಬಾಗಿಲಲ್ಲಿ ನಿಂತು ಬರುತ್ತ ನನಗೆ ಒಂದು ಸಂಗತಿ ಹೊಳೆಯಿತು. ಅಲ್ಲಿಯವರೆಗೆ ಮದುವೆ ಎಂದರೆ ಅಪ್ಪ ಅವ್ವ ಮಾಡಿಸಿದರೆ ಆಗುವಂಥದ್ದು ಎಂದುಕೊಂಡಿದ್ದೆ. ಆಗುವುದಾದರೆ ಆ ಹುಡುಗಿಯ ಜೊತೆಗೇ ಆಗಬೇಕು ಎಂದು ಈಗ ಅನ್ನಿಸತೊಡಗಿತ್ತು. ಕಪ್ಪು ವಾಲುವ ಮೊದಲೇ ಕಪ್ಪನ್ನು ನೋಡಿದವಳು ಅವಳೊಬ್ಬಳೇ, ಉಳಿದವರೆಲ್ಲ ನನ್ನ ಮುಖ ನೋಡುತ್ತಿದ್ದರು. ಅದಕ್ಕೆ ಬೇಕಾದದ್ದು ಒಂದು ಹೆಸರು. ಅದು ನನ್ನಲ್ಲಿರಲಿಲ್ಲ.

ನಮ್ಮ ಕಡೆ ಕಾಯಿಲೆಗೆ ಕೊನೆಯ ಕೋರ್ಟು ಎಂದರೆ ಮಿರಜ್. ಕಾಗವಾಡ ದಾಟಿದರೆ ಮಹಾರಾಷ್ಟ್ರ, ಇನ್ನಷ್ಟು ಮುಂದೆ ಹೋದರೆ ಮಿರಜ್. ಕಾಗವಾಡದ ಬಸ್ಸಿನಲ್ಲಿ ಎಕ್ಸ್‌ರೇ ಲಕೋಟೆ ಹಿಡಿಯದವರು ಕಡಿಮೆ. ನಾನೊಬ್ಬನೇ ಹೋಗುತ್ತೇನೆ ಎಂದರೂ ಯಾರೂ ಕೇಳಲಿಲ್ಲ. ಅವ್ವ, ಅಕ್ಕ, ಮಾಮಾ ಮೂವರೂ ಬುತ್ತಿ ಕಟ್ಟಿಕೊಂಡು ಹೊರಟರು.

ವಯಸ್ಸಾದ ಡಾಕ್ಟರು. ಮರಾಠಿಯಲ್ಲಿ ಕೇಳಿದ ಮೊದಲ ಪ್ರಶ್ನೆಯೇ, ಮೊಟ್ಟಮೊದಲು ಬಂದದ್ದು ಯಾವಾಗ?

"ಕಾಲೇಜಿನಲ್ಲಿ," ಎಂದೆ.

"ಎಲ್ಲೀ ಕಾಲೇಜು?" ಎಂದಳು ಅಕ್ಕ. "ಭೋಜದಾಗ ಬಾವಿ ಮ್ಯಾಲೆ ನಾ ಅಂಗಿ ಹಿಡದ ಜಗ್ಗಿದ್ದಿಲ್ಲೇನು? ಹರದಿದ್ದ ಅಂಗಿ ಇನ್ನೂ ಮನ್ಯಾಗ ಐತಿ."

"ಅದು ಬಾವಿ ನೋಡಿ ಹೆದರಿದ್ದ ಬೇ," ಎಂದಳು ಅವ್ವ. "ಖರೇ ಬಂದದ್ದ ಹಜಾಮನ ಅಂಗಡ್ಯಾಗ. ಅರ್ಧ ಗಡ್ಡಾ ಬಿಟ್ಟ ಮನಿಗೆ ಬಂದಿದ್ದ."

"ನನ್ನ ಬಾವಿಗೆ ಯಾರೂ ಹೆದರೂದಿಲ್ಲ," ಎಂದ ಮಾಮಾ, ಮರಾಠಿಯಲ್ಲಿ, ಡಾಕ್ಟರಿಗೆ ತಿಳಿಯಲಿ ಎಂದು.

ಡಾಕ್ಟರು ಪೆನ್ನು ಕೆಳಗಿಟ್ಟು ಎಲ್ಲರ ಮಾತೂ ಮುಗಿಯುವವರೆಗೆ ಕಾದರು. ಆಮೇಲೆ ನನ್ನನ್ನು ಒಳಗೆ ಮಲಗಿಸಿ ಕಿವಿಗೆ ತಣ್ಣೀರು ಬಿಟ್ಟರು. ಕೋಣೆಯೆಲ್ಲ ಗಿರ್ರನೆ ತಿರುಗಿತು. ಹೀಗೇ ಬರುತ್ತದೆಯೇ ಎಂದು ಕೇಳಿದರು. ಹೆಚ್ಚುಕಡಿಮೆ ಹೀಗೇ, ಆದರೆ ಹೀಗಲ್ಲ ಎಂದೆ. ನನ್ನ ಚಕ್ಕರು ಇಷ್ಟು ಒರಟಾಗಿರಲಿಲ್ಲ. ಕುತ್ತಿಗೆಯ ಎಕ್ಸ್‌ರೇ ತೆಗೆದರು, ರಕ್ತ ತೆಗೆದರು, ಗೆರೆಯ ಮೇಲೆ ನಡೆಸಿದರು. ಕೊನೆಗೆ "ತಸಂ ಕಾಹಿ ನಾಹಿ" ಎಂದರು. ಅಂಥದ್ದೇನೂ ಇಲ್ಲ. ಕಿವಿ ಇರಬಹುದು, ಕುತ್ತಿಗೆ ಇರಬಹುದು, ತಾನಾಗಿ ಹೋಗಲೂಬಹುದು. ಬಂದಾಗ ಕೂತುಕೊಳ್ಳಿ, ಗಾಡಿ ಓಡಿಸಬೇಡಿ, ಬಾವಿಕಟ್ಟೆ ಹತ್ತಬೇಡಿ.

ಅದಕ್ಕೊಂದು ಹೆಸರು ಬೇಕಾಗಿತ್ತು ಎಂದೆ. ಹೆಸರು ಐದಾರು ಇವೆ, ನಿಮ್ಮದು ಯಾವುದು ಎಂದು ನನಗೆ ಗೊತ್ತಿಲ್ಲ ಎಂದರು ಅವರು. ವಿಶ್ವವಿದ್ಯಾಲಯದಲ್ಲಿ ಇದ್ದಷ್ಟು ವರ್ಷ ಗೊತ್ತಿಲ್ಲ ಎಂಬ ಮಾತನ್ನು ಇಷ್ಟು ಸಲೀಸಾಗಿ ಹೇಳಿದವರನ್ನು ನಾನು ಕಂಡಿರಲಿಲ್ಲ. ಅವರ ಕಾಲು ಮುಟ್ಟಬೇಕು ಅನ್ನಿಸಿತು. ಮಾಮಾ ಮಾತ್ರ ಬಾಗಿಲಿಂದ ತಿರುಗಿ ಹೋಗಿ ಕೇಳಿದ. "ಸಾಹೇಬ್ರ, ಆ ಐದಾರರಾಗ ಒಂದ ಚಲೋ ನೋಡಿ ಬರದ ಕೊಡ್ರಲ್ಲ?"

ಡಾಕ್ಟರು ನಕ್ಕರೇ ಹೊರತು ಬರೆದು ಕೊಡಲಿಲ್ಲ.

ಇದ್ದದ್ದನ್ನು ಇದ್ದ ಹಾಗೇ ಅಪ್ಪ ಅಥಣಿಗೆ ಹೇಳಿ ಕಳಿಸಿದರು. ತೋರಿಸಿದೆವು, ಅಪಾಯ ಕಂಡಿಲ್ಲ, ಹೆಸರೂ ಸಿಕ್ಕಿಲ್ಲ. ಅಲ್ಲಿಗೆ ಇದು ಮುರಿಯಿತು ಎಂದುಕೊಂಡು ನಾನು ಒಂದು ವಾರ ಅಂಗಳದಲ್ಲಿ ಶತಪಥ ಹಾಕಿದೆ. ಆಮೇಲೆ ಉತ್ತರ ಬಂತು, ಮನೆ ನೋಡಲು ಬರುತ್ತೇವೆ ಎಂದು. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಿದ ಮೇಲೆಯೇ ಹೌದೋ ಅಲ್ಲವೋ ಎಂದು ಹೇಳುವುದು ನಮ್ಮಲ್ಲಿಯ ರೂಢಿ. "ಬ್ಯಾಡ ಅನ್ನಾಕ ಯಾರೂ ಅಷ್ಟ ದೂರ ಬಸ್ ಹತ್ತೂದಿಲ್ಲ," ಎಂದಳು ಅವ್ವ. "ಮರ್ಯಾದಸ್ತರ ಇದ್ರ ಹತ್ತತಾರ," ಎಂದ ಮಾಮಾ.

ನಮ್ಮ ಮನೆ ನಿಪ್ಪಾಣಿಯಲ್ಲಿ ಒಂದು ತಂಬಾಕಿನ ವಖಾರಿಯ ಮೇಲಂತಸ್ತಿನಲ್ಲಿತ್ತು. ಕೆಳಗೆ ವ್ಯಾಪಾರಿಯ ಗೋದಾಮು, ಅಲ್ಲೇ ಅಪ್ಪನ ಗುಮಾಸ್ತಿಕೆ. ಹೊತ್ತು ಮುಳುಗಿದ ಮೇಲೆ ಬೀಗರು ಉಣ್ಣುವುದಿಲ್ಲ, ನಾವೂ ಉಣ್ಣುವುದಿಲ್ಲ. ಹಾಗಾಗಿ ಅವರು ಬೆಳಿಗ್ಗೆ ಬಸ್ಸು ಹತ್ತಿ, ಮಧ್ಯಾಹ್ನ ಬಂದು, ಬಿಸಿಲಿರುವಾಗಲೇ ಊಟ ಮುಗಿಸುವುದು ಎಂದಾಯಿತು. ಕೆಳಗೆ ತಂಬಾಕು ಬಡಿದು ಜರಡಿ ಹಿಡಿಯುವ ಹೊತ್ತೂ ಅದೇ. ಇದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಿಪ್ಪಾಣಿಯವರ ಮೂಗು ತಂಬಾಕಿನ ಮಟ್ಟಿಗೆ ಎಂದೋ ಕೆಲಸ ಬಿಟ್ಟಿರುತ್ತದೆ. ಅವ್ವ ಮನೆಯೆಲ್ಲ ಸಾರಿಸಿದಳು, ಊದಬತ್ತಿ ಹಚ್ಚಿದಳು, ರಸ್ತೆಯ ಗದ್ದಲ ಬೇಡವೆಂದು ಮುಂದಿನ ಕಿಟಕಿ ಮುಚ್ಚಿ, ಬೀಗರಿಗೆ ಗಾಳಿ ಬರಲೆಂದು ಹಿಂದಿನ ಕಿಟಕಿಗಳನ್ನೆಲ್ಲ ತೆರೆದಿಟ್ಟಳು. ಆ ಕಿಟಕಿಗಳು ತೆರೆಯುತ್ತಿದ್ದುದು ಜರಡಿಯ ಅಂಗಳಕ್ಕೆ.

ಬಂದವರು ಹುಡುಗಿಯ ಅಪ್ಪ, ಅವರ ಅಕ್ಕ, ತಮ್ಮ. ಅಕ್ಕ ಮೆಟ್ಟಿಲು ಹತ್ತುವಾಗಲೇ ಸೀನಿದರು. ಕೂತ ಮೇಲೆ ತಮ್ಮ ಸೀನಿದರು, ಆಮೇಲೆ ಇಬ್ಬರೂ ಸರದಿಯ ಮೇಲೆ. ಶುಭಶಕುನವೋ ಅಪಶಕುನವೋ ಎಂದು ಅವ್ವ ಲೆಕ್ಕ ಹಾಕುತ್ತಿದ್ದಳು. ಹುಡುಗಿಯ ಅಪ್ಪ ಒರೆಸಿದಷ್ಟೂ ನೀರು ಬರುವ ಕಣ್ಣಿನಿಂದ ತೊಲೆ, ಜಂತೆ ಎಲ್ಲ ನೋಡಿ, ಚಹಾ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡರು. "ನಾವು ಬಂದದ್ದ ಏನಂದ್ರ," ಎಂದು ಶುರು ಮಾಡಿದರು. "ಮನ್ಯಾಗ ಎಲ್ಲಾರೂ ಕೂಡಿ ವಿಚಾರ ಮಾಡೇವಿ. ನಮಗ ಏನ ಅನಸ್ತು ಅಂದ್ರ..."

ಅಲ್ಲಿಗೆ ನಿಂತರು. ನಾನು ಉಸಿರು ಹಿಡಿದು ಕೂತಿದ್ದೆ. ಅವರ ನೋಟ ನನ್ನ ಮೇಲಿರಲಿಲ್ಲ, ನನ್ನ ಹಿಂದೆ ಎಲ್ಲೋ ಇತ್ತು.

"ಆ ಗ್ವಾಡಿ," ಎಂದರು ಸಣ್ಣ ದನಿಯಲ್ಲಿ. "ಆ ಗ್ವಾಡಿ ಯಾಕ್ರಿ ಸರ್ಯಾಕತ್ತೈತಿ?"

ನಾನು ಎದ್ದೇ ನಿಂತೆ. ಇಷ್ಟು ವರ್ಷದಲ್ಲಿ ನನ್ನ ಗೋಡೆ ಇನ್ನೊಬ್ಬರಿಗೆ ಕಂಡದ್ದು ಅದೇ ಮೊದಲು. "ಎಡಕ್ಕ ಏನ್ರಿ, ಬಲಕ್ಕ?"

"ಎಡಕ್ಕ."

"ಕಣ್ಣ ಮುಚ್ಚಬ್ಯಾಡ್ರಿ. ಆ ಕ್ಯಾಲೆಂಡರ್ ಮೊಳಿ ನೋಡ್ರಿ, ಅದೊಂದ ನೋಡ್ರಿ." ಕಪ್ಪನ್ನು ಅವರ ಕೈಯಿಂದ ತೆಗೆದುಕೊಂಡೆ. ಅವರ ಮಗಳಷ್ಟು ಚುರುಕಾಗಿ ಅಲ್ಲ, ಅರ್ಧ ಚಹಾ ಅವರ ಧೋತರದ ಮೇಲೆ ಹೋಯಿತು.

ಅಷ್ಟರಲ್ಲಿ ಅಕ್ಕನವರೂ ಗೋಡೆಗೆ ಒರಗಿ "ಅಯ್ಯೋ, ನನಗೂ ಬವಳಿ ಬರಾಕತ್ತೈತಿ" ಎಂದರು. ಎಲ್ಲರನ್ನೂ ಕೈ ಹಿಡಿದು ಇಳಿಸಿ ರಸ್ತೆಯ ಬದಿಯ ಕಟ್ಟೆಗೆ ತಂದು ಕೂರಿಸಿದೆವು. ಅವ್ವ ಮಜ್ಜಿಗೆ ತಂದಳು. ವಖಾರಿಯಿಂದ ಕೆಲಸದ ಹೆಂಗಸರು ಇಣುಕಿ, "ಹೊಸಬರಿಗೆ ಹಿಂಗ ಆಗೂದ್ರಿ, ಘಾಟು" ಎಂದು ನಗುತ್ತ ಒಳಗೆ ಹೋದರು. ಅಪ್ಪ ತಲೆ ತಗ್ಗಿಸಿ ನಿಂತಿದ್ದರು. ಮಾಮಾ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂತಿದ್ದ. ಕೂಡಿಬರಬೇಕಾದ ಸಂಬಂಧವನ್ನು ಒಂದು ಜರಡಿ ಹಾಳುಮಾಡಿತು ಎಂದು ನನಗೂ ಅನ್ನಿಸಿತು.

ಮಜ್ಜಿಗೆ ಇಳಿದ ಮೇಲೆ ಹುಡುಗಿಯ ಅಪ್ಪನ ದನಿ ವಾಪಸ್ಸು ಬಂತು. "ಸಿಕ್ತ ಬಿಡ್ರಿ!"

"ಏನ್ರಿ?" ಎಂದರು ಅಪ್ಪ.

"ಹೆಸರು! ತಂಬಾಕಿನ ಘಾಟು. ಘಾಟು ಬಡದೈತಿ ಹುಡುಗಗ. ಒಂದ ತಾಸಿನ್ಯಾಗ ನನ್ನ ತಲಿ ತಿರಗೇತಿ, ಅಂವ ಹುಟ್ಟಿದಾಗಿಂದ ಇದರ ಮ್ಯಾಲೆ ಮಲಗ್ಯಾನ. ಇದಕ್ಕ ಮಿರಜಿಗೆ ಯಾಕ ಹೋಗ್ಬೇಕು? ಇದು ಹುಡುಗನ ರೋಗ ಅಲ್ರಿ, ಮನಿ ರೋಗ!"

ಮಾಮಾ ತಲೆಯಿಂದ ಕೈ ತೆಗೆದ. ಅವನ ಮುಖ ನನ್ನ ಕಡೆ ತಿರುಗಿತು, ಬೇಡಿಕೊಳ್ಳುವ ಹಾಗೆ. ಆದರೆ ನನ್ನ ಬಾಯಿ ಆಗಲೇ ತೆರೆದಾಗಿತ್ತು.

"ಹಂಗ ಇರಲಾರದ್ರಿ. ಧಾರವಾಡದಾಗ ಕಲಿಯೂ ಮುಂದನೂ ಒಂದ ಸಲ ಬಂದಿತ್ತ ಅನಸತೈತಿ. ಅಲ್ಲಿ ತಂಬಾಕ ಇರಲಿಲ್ಲ."

"ಅನಸತೈತೋ, ಖಾತ್ರಿ ಐತೋ?"

ನಾನು ನಿಜವಾಗಿಯೂ ಯೋಚಿಸಿದೆ. ಹಾಸ್ಟೆಲಿನ ಮೆಟ್ಟಿಲು, ಕೈಯಲ್ಲಿ ಬಕೆಟ್ಟು, ವಾಲಿದ ಗೋಡೆ. ಬಕೆಟ್ಟು ಒಮ್ಮೆ ಹಳದಿಯಾಗಿ, ಒಮ್ಮೆ ಹಸಿರಾಗಿ ಕಂಡಿತು. ಅದು ನಡೆದದ್ದೋ, ಎಂದೋ ಯಾರೋ ಹೇಳಿದ್ದೋ?

"ಖಾತ್ರಿ ಇಲ್ರಿ," ಎಂದೆ.

"ಮುಗೀತ!"

"ಆದ್ರ ಅಥಣ್ಯಾಗ, ನಿಮ್ಮ ಮನ್ಯಾಗ ಬಂದದ್ದ ಖಾತ್ರಿ ಐತ್ರಿ. ಅಲ್ಲೂ ತಂಬಾಕ ಇರಲಿಲ್ಲಲ್ರಿ."

"ಅದು ನಮ್ಮ ಹುಡುಗಿನ್ನ ನೋಡಿ ಬಂದದ್ದು," ಎಂದರು ಅವರು, ಇದೆಲ್ಲಿಯ ದಡ್ಡ ಎನ್ನುವ ಹಾಗೆ. "ಅವತ್ತ ನಮ್ಮ ಅಕ್ಕ ಹೇಳಲಿಲ್ಲ?"

"ಹೇಳಿದ್ನಲ್ಲ!" ಎಂದರು ಅಕ್ಕನವರು, ಮತ್ತೊಂದು ಸೀನು ಸೀನಿ.

ಮಾತುಕತೆ ಹೊತ್ತು ಮುಳುಗುವ ಮೊದಲೇ ಮುಗಿಯಿತು, ಊಟವೂ ಮುಗಿಯಿತು, ಕಟ್ಟೆಯ ಮೇಲೆಯೇ. ಅವರದೊಂದೇ ಷರತ್ತು. ಮದುವೆಯಾದ ಮೇಲೆ ಚಿಕ್ಕೋಡಿಯಲ್ಲಿ, ತಂಬಾಕಿನ ಗಾಳಿ ತಾಕದ ಕಡೆ ಮನೆ ಮಾಡಬೇಕು. ಕಾಲೇಜೂ ಅಲ್ಲೇ ಇದ್ದದ್ದರಿಂದ ಅಪ್ಪ ಒಪ್ಪಿದರು. ಮಾವನವರು ವಖಾರಿಯ ಮೇಲೆ ಹೇಳಲು ಶುರುಮಾಡಿದ್ದ ಮಾತು ಹೌದೋ ಅಲ್ಲವೋ ಎಂದು ನಾನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ನೆನಪಿಲ್ಲ ಎನ್ನುತ್ತಾರೆ. ಆ ಉತ್ತರವನ್ನು ಆಕ್ಷೇಪಿಸುವ ಅರ್ಹತೆ ನನಗಿಲ್ಲ.

ಚಿಕ್ಕೋಡಿಯ ಬಾಡಿಗೆ ಮನೆಯಲ್ಲಿ, ಸುತ್ತಲೂ ಶುದ್ಧ ಗಾಳಿ ಬೀಸುತ್ತಿರುವಾಗ, ಮದುವೆಯಾದ ಎರಡನೆಯ ತಿಂಗಳೋ ಮೂರನೆಯ ತಿಂಗಳೋ ಚಕ್ಕರು ಬಂತು. ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತೆ. ಹೆಂಡತಿ ನನ್ನ ಕೈಯಲ್ಲಿದ್ದ ಚೊಂಬು ತೆಗೆದುಕೊಂಡು ಪಕ್ಕಕ್ಕಿಟ್ಟು, ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

"ತಂಬಾಕು ಅಲ್ಲ," ಎಂದೆ. "ನಾ ಅವತ್ತ ಹೇಳಿದ್ದೆ."

"ನನಗ ಅವತ್ತ ಗೊತ್ತಿತ್ರಿ. ಹೆಸರ ಬೇಕಾದದ್ದ ಅಪ್ಪಗ. ನನಗ ಬೇಕಾದದ್ದ ಬ್ಯಾರೆ ಐತಿ."

"ಏನು?"

"ಕನ್ಯಾ ನೋಡಾಕ ಬಂದಾಗ ಅಷ್ಟ ಮಂದಿ ಮುಂದ 'ಇವರನ್ನ ನೋಡಿ ಬಂದದ್ದಲ್ಲ' ಅಂದ್ರೆಲಾ, ಅದಕ್ಕ ಮೊದಲ ಉತ್ರ ಹೇಳ್ರಿ."

ಉತ್ತರ ಇನ್ನೂ ಹೇಳುತ್ತಲೇ ಇದ್ದೇನೆ. ಅವಳ ಪ್ರಕಾರ ಅಂದು ಕಪ್ಪೇ ಇರಲಿಲ್ಲ. ಅವಳು ತಂದದ್ದು ಅವಲಕ್ಕಿಯ ಬಸಿ, ಅದು ಚೆಲ್ಲಿತ್ತು ಕೂಡ, ಆಮೇಲೆ ಅವಳೇ ಕಸ ಗುಡಿಸಿದ್ದಳು. ನಾನು ಕಟ್ಟಿಕೊಂಡ ಇಷ್ಟು ದೊಡ್ಡ ಮಹಲಿನ ಅಡಿಪಾಯವೇ ಅವಲಕ್ಕಿ ಎಂದಾದರೂ, ಈಗ ಅದನ್ನು ಕೆಡವುವ ಹಾಗಿಲ್ಲ.

ತೊಂಬತ್ತರ ದಶಕದಲ್ಲಿ ಮತ್ತೊಮ್ಮೆ ಮಿರಜಿಗೆ ಹೋದೆ. ಈಗ ತಲೆಯನ್ನು ಕೊಳವೆಯೊಳಗೆ ಕಳಿಸುವ ಯಂತ್ರ ಬಂದಿತ್ತು. ಯಂತ್ರವೂ ಅಂಥದ್ದೇನೂ ಇಲ್ಲ ಎಂದಿತು. ವರ್ಷಕ್ಕೆ ಕೆಲವು ಸಲ ಗೋಡೆ ಜಾರುತ್ತದೆ, ನಾನು ಕೂರುತ್ತೇನೆ, ಆಮೇಲೆ ಉಣ್ಣುತ್ತೇನೆ. ಸ್ಕೂಟರ್ ಕೊಳ್ಳಲಿಲ್ಲ. ಬಸ್ಸಿನಲ್ಲಿ ಈಗ ಸೀಟು ಸಿಕ್ಕರೆ ಕೂರುತ್ತೇನೆ. ಅಥಣಿಯ ಕಡೆ ಮಾತ್ರ ನಾನು ತಂಬಾಕಿನ ಘಾಟು ಬಡಿದು ಗುಣವಾದ ಅಳಿಯ.

ಒಮ್ಮೆ ದ್ರಾಕ್ಷಿಯ ಸುಗ್ಗಿಯಲ್ಲಿ ಮಾವನವರ ತೋಟದಲ್ಲಿ, ಚಪ್ಪರದ ಕೆಳಗೆ ಅವರ ಹಿಂದೆ ನಡೆಯುತ್ತಿದ್ದೆ. ಗೊಂಚಲುಗಳೆಲ್ಲ ಎಡಕ್ಕೆ ಹೊರಟವು. ಕಲ್ಲಿನ ಕಂಬ ಹಿಡಿದು ಮಣ್ಣಿನ ಮೇಲೆ ಕೂತುಬಿಟ್ಟೆ. ಮಾವನವರು ತಿರುಗಿ ನೋಡಿದರು. ಗಾಬರಿಯಿಂದ ಸುತ್ತಲೂ ಕಣ್ಣಾಡಿಸಿದರು, ಯಾರಾದರೂ ನೋಡುತ್ತಿದ್ದಾರೆಯೇ ಎಂದಿರಬೇಕು ಎಂದು ನಾನು ತಿಳಿದುಕೊಂಡೆ. ಅವರು ಹುಡುಕುತ್ತಿದ್ದುದು ಬೇರೆ.

"ನೋಡು! ನೋಡಲ್ಲಿ!" ಎಂದರು ಗೆದ್ದವರ ಹಾಗೆ. ದೂರದ ಬದುವಿನ ಮೇಲೆ, ಎಲ್ಲೋ ಬಾಳೆಯ ಆಚೆ, ಒಬ್ಬ ಕೂಲಿಯವ ಬೀಡಿ ಸೇದುತ್ತಿದ್ದ. "ಏ, ಆರಸೋ ಅದನ್ನ! ಇಲ್ಲಿ ನಮ್ಮ ಅಳಿಯಾಗ ಘಾಟು ಬಡೀತೈತಿ!"

ಆತ ಏನೂ ತಿಳಿಯದೆ ಬೀಡಿ ಆರಿಸಿದ. ಮಾವನವರು ಮೊಣಕಾಲು ಹಿಡಿದುಕೊಂಡು ನಿಧಾನ ನನ್ನ ಪಕ್ಕ ಕೂತು, "ಆ ಕಂಬದ ಮೊಳಿ ನೋಡು, ಅದೊಂದ ನೋಡು" ಎಂದರು. ನಾನು ಮೊಳೆ ನೋಡಿದೆ. ಚಪ್ಪರದ ಎಲೆಗಳು ಆ ಬದುವಿನ ಕಡೆಗೇ ಬಾಗುತ್ತಿದ್ದವು. ಗಾಳಿ ಬೀಸುತ್ತಿದ್ದುದು ನಮ್ಮಿಂದ ಅವನ ಕಡೆಗೆ. ಹೇಳಬೇಕೆಂದು ಬಾಯಿ ತೆರೆದೆ.

"ಹಸಿವಾಗೇತ್ರಿ ಮಾವಾರ," ಎಂದೆ.